ಗಂಡನ ಹಾಳೆ

"ಕೇಳಿದ್ದಕ್ಕೆ ಹೇಳಿದರಾಯಿತು" ಎಂದು ಪ್ರೇಮಲತಾ ಬೆಳಿಗ್ಗೆ ಅಂದ ಮಾತು ಜಗದೀಶನ ತಲೆಯಲ್ಲಿ ಕೂತುಬಿಟ್ಟಿತ್ತು. ಕನ್ನಡಿಯೆದುರು ನಿಂತು, ಹಲ್ಲುಗಳ ನಡುವೆ ಎರಡು ಹೇರ್‌ಪಿನ್ನು ಕಚ್ಚಿಕೊಂಡು, ನರ್ಸಿನ ಬಿಳಿ ಟೋಪಿಯನ್ನು ತುರುಬಿನ ಮೇಲೆ ಕೂರಿಸುತ್ತ ಅವಳು ಹಾಗೆಂದಿದ್ದಳು. ಚೆನ್ನೈಯಿಂದ ಇವತ್ತು ಯಾರೋ ಬರುತ್ತಾರೆ, ಹೊರದೇಶಕ್ಕೆ ಹೋಗದೆ ಆಸ್ಪತ್ರೆಯಲ್ಲೇ ಉಳಿದ ನರ್ಸುಗಳನ್ನೂ ಅವರ ಗಂಡಂದಿರನ್ನೂ ಕೂರಿಸಿಕೊಂಡು ವಿಚಾರಿಸುತ್ತಾರೆ ಎಂದು ಒಂದು ವಾರದಿಂದ ಸುದ್ದಿಯಿತ್ತು. ಏನು ವಿಚಾರಿಸಬಹುದು ಎಂದು ಅವನು ನಿನ್ನೆ ಒಂದು ಸಲ, ಬೆಳಿಗ್ಗೆ ಎದ್ದ ಮೇಲೆ ಎರಡು ಸಲ ಕೇಳಿದ್ದ. ಪಿನ್ನು ಕಚ್ಚಿದ ಬಾಯಿಂದ ಬರುವ ಮಾತಿಗೆ ಏರಿಳಿತವಿರುವುದಿಲ್ಲ. ಅದರಲ್ಲಿ ಬೇಸರವಿತ್ತೋ, ಚುಚ್ಚುವ ಉದ್ದೇಶವಿತ್ತೋ, ಇಲ್ಲ ಅಷ್ಟೇ ಅರ್ಥವಿತ್ತೋ ತಿಳಿಯಲಿಲ್ಲ. ಅಷ್ಟೇ ಅರ್ಥವಿರಬೇಕು ಎಂದುಕೊಂಡ. ನಾಲ್ಕು ವರ್ಷದಿಂದ ಅವಳ ಪ್ರತಿಯೊಂದು ಮಾತಿನ ಮುಂದೆಯೂ ಅವನು ಹೀಗೆಯೇ ನಿಂತು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲಿಗೆ ಕಿವಿಕೊಡುವವನಂತೆ ಕೇಳಿಸಿಕೊಂಡು, ಕೊನೆಗೆ ಯಾರೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹಿಂದೆ ಸರಿಯುತ್ತಿದ್ದ.

ಕ್ವಾರ್ಟರ್ಸಿನಿಂದ ಆಸ್ಪತ್ರೆಗೆ ನೂರು ಮೆಟ್ಟಿಲು ಇಳಿಯಬೇಕು. ಅವಳು ಯಾವಾಗಲೂ ಹತ್ತು ಮೆಟ್ಟಿಲು ಮುಂದೆ, ಅವನು ಹಿಂದೆ. ಮೊದಮೊದಲು ಅವನು ಬೇಕೆಂದೇ ಹಿಂದೆ ಉಳಿಯುತ್ತಿದ್ದ, ಇಬ್ಬರೂ ಒಟ್ಟಿಗೆ ಗೇಟು ದಾಟಿದರೆ ವಾಚ್‌ಮನ್ ಮಾದ ಅವಳಿಗೊಂದು ಸಲಾಮು ಹೊಡೆದು ಅವನತ್ತ ನೋಡದೆ ಇರುತ್ತಿದ್ದನಾದ್ದರಿಂದ. ಈಗ ಅದು ಕಾಲಿಗೇ ಅಭ್ಯಾಸವಾಗಿತ್ತು. ಕೆಳಗೆ ಕೀಳ್ ಕೋತಗಿರಿಯ ಕಡೆ ಇಳಿಯುವ ಟೀ ಗಿಡಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಸಿಲ್ವರ್ ಓಕ್ ಮರಗಳ ತುದಿ ಮಾತ್ರ ಕಾಣುತ್ತಿತ್ತು, ನೀರಲ್ಲಿ ಮುಳುಗಿದವರ ಕೈಯ ಹಾಗೆ. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಮೊದಲು ಅವನಿಗೆ ಮರ ಮರವಾಗಿಯೇ ಕಾಣುತ್ತಿತ್ತು. ಕಟ್ಟಬೆಟ್ಟಿನ ಹತ್ತಿರದ ತನ್ನ ಬಡಗರ ಹಟ್ಟಿಯಲ್ಲಿ ಮೂರು ಎಕರೆ ಟೀ ಮಾಡಿಕೊಂಡು, ಸಾಯಂಕಾಲ ಎಲೆ ತೂಕ ಹಾಕುವ ಷೆಡ್ಡಿನಲ್ಲಿ ಎಲ್ಲರ ಜೊತೆ ನಿಂತು ಫ್ಯಾಕ್ಟರಿಯವರನ್ನು ಬೈಯುತ್ತಿದ್ದ ಕಾಲದಲ್ಲಿ ಅವನ ಮನಸ್ಸಿಗೆ ಇಂಥ ರೋಗ ಇರಲಿಲ್ಲ. ಎಲೆಯ ಬೆಲೆ ಬಿತ್ತು. ಬಿದ್ದದ್ದು ಎಲ್ಲರಿಗೂ ಬಿತ್ತು, ಅವನೊಬ್ಬನಿಗಲ್ಲ. ಆದರೆ ಉಳಿದವರೆಲ್ಲ ಹಟ್ಟಿಯಲ್ಲೇ ಉಳಿದು ಬೈದುಕೊಂಡಿದ್ದರು. ಅವನೊಬ್ಬ ತೋಟವನ್ನು ತಮ್ಮನ ಕೈಗೆ ಬಿಟ್ಟು ಇಲ್ಲಿ ಬಂದು ಕೂತಿದ್ದ. ಕೂತದ್ದು ಎನ್ನುವುದೇ ಸರಿ.

ಯಾಕೆಂದರೆ ಅವನಿಗೆ ಆಸ್ಪತ್ರೆಯ ಸ್ಟೋರಿನಲ್ಲಿ ಒಂದು ಕುರ್ಚಿಯಿತ್ತು, ಮೇಜಿರಲಿಲ್ಲ. ಮೇಜು ಸ್ಟೋರ್‌ಕೀಪರ್ ರಾಜೇಂದ್ರನ್‌ದು. ಗ್ಲವ್ಸು, ಹತ್ತಿ, ಸಲೈನಿನ ಬಾಟಲಿಗಳ ಲೆಕ್ಕವೆಲ್ಲ ಹದಿನೆಂಟು ವರ್ಷದಿಂದ ರಾಜೇಂದ್ರನ್‌ ಒಬ್ಬನ ತಲೆಯಲ್ಲೇ ಇತ್ತು, ಅದಕ್ಕೆ ಇನ್ನೊಂದು ತಲೆ ಬೇಕಾಗಿರಲಿಲ್ಲ. ಹೊಸದಾಗಿ ಬಂದವನಿಗೆ ಏನು ಕೆಲಸ ಕೊಡುವುದೆಂದು ಮೂರು ದಿನ ಯೋಚಿಸಿ, ಪೆಟ್ಟಿಗೆಗಳ ಮೇಲೆ ತಾರೀಕಿನ ಚೀಟಿ ಅಂಟಿಸುವ ಕೆಲಸ ಕೊಟ್ಟಿದ್ದ. ಕೆಟ್ಟವನಲ್ಲ ರಾಜೇಂದ್ರನ್‌. ಊಟಕ್ಕೆ ಹೋಗುವಾಗ "ಬನ್ನಿ ಸಾರ್" ಎಂದು ಕರೆಯುತ್ತಿದ್ದ. ಆದರೆ ವಾರ್ಡಿನಿಂದ ಯಾರಾದರೂ ಬಂದು ಇವನು ಯಾರು ಎಂದು ಕೇಳಿದರೆ ತಮಿಳಿನಲ್ಲಿ "ಪ್ರೇಮಾ ಸಿಸ್ಟರ್ ವೀಟುಕಾರರು" ಅನ್ನುತ್ತಿದ್ದ, ಪ್ರೇಮಾ ಸಿಸ್ಟರ್ ಮನೆಯವರು. ಹೆಸರು ಹೇಳಿದ್ದೇ ಇಲ್ಲ. ಒಂದು ಸಲ ಪ್ರೇಮಲತಾಳಿಗೆ ಜ್ವರ ಬಂದು ರಜೆ ಹಾಕಿದಾಗ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆಯೂ ರಜೆ ಎಂದು ಬರೆದುಬಿಟ್ಟಿದ್ದರು. ಅವನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಮುಂದಿನ ಪೆಟ್ಟಿಗೆಗೆ ತಾರೀಕಿನ ಚೀಟಿ ಅಂಟಿಸಿದ.

ಹೊರದೇಶಕ್ಕೆ ಹೊರಟ ನರ್ಸುಗಳನ್ನು ಉಳಿಸಿಕೊಳ್ಳುವ ಆ ಯೋಜನೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ನರ್ಸುಗಳು ಅದನ್ನು ಕಾಲ್‌ಕಟ್ಟು ಕಾಸು ಎಂದು ಕರೆಯುತ್ತಿದ್ದರು. ಅಲೆಯುವ ಗಂಡಿಗೆ ಮದುವೆ ಮಾಡಿ ಕಾಲು ಕಟ್ಟುತ್ತಾರಲ್ಲ, ಹಾಗೆ. ಹೋಗದೆ ಉಳಿಯುವವರಿಗೆ ತಿಂಗಳ ಸಂಬಳದ ಅರ್ಧದಷ್ಟು ಹೆಚ್ಚಿಗೆ, ಇರಲು ಕ್ವಾರ್ಟರ್ಸು, ಗಂಡನಿಗೆ ಕೆಲಸವಿಲ್ಲದಿದ್ದರೆ ಒಂದು ಕೆಲಸ. ಆ ಕೊನೆಯದು ನಾನು, ಎಂದು ಅವನಿಗೆ ಎಷ್ಟೋ ಸಲ ಚೀಟಿ ಅಂಟಿಸುತ್ತ ಕೂತಾಗ ಹೊಳೆಯುತ್ತಿತ್ತು. ಅವಳಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಭಾಗ ನಾನೇ. ದುಡ್ಡಾದರೆ ಖರ್ಚಾಗಿ ಹೋಗುತ್ತದೆ, ಇದು ಹೋಗುವುದಿಲ್ಲ, ದಿನಾ ಅವಳ ಹಿಂದೆ ಹತ್ತು ಮೆಟ್ಟಿಲು ಬಿಟ್ಟು ಇಳಿದು ಬರುತ್ತದೆ.

ಡಾಕ್ಟರ್ ರಂಗನಾಥನ್ ಅವನನ್ನು ಕರೆಸಿದ್ದು ತೊಂಬತ್ತೊಂಬತ್ತರ ಜುಲೈಯಲ್ಲಿ. ಆಸ್ಪತ್ರೆಗೆ ದೊಡ್ಡವರು ಅವರು, ಹಟ್ಟಿಗಳಲ್ಲಿ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಅಂಥವರು "ಕೂತುಕೊಳ್ಳಿ ಜಗದೀಶ್" ಎಂದಿದ್ದರು. ಸಾಸರಿನ ಮೇಲೆ ಕಪ್ಪಿಟ್ಟು ಚಹಾ ತರಿಸಿದ್ದರು. ಐರ್ಲೆಂಡಿನ ಆಸ್ಪತ್ರೆಯಿಂದ ಪ್ರೇಮಲತಾಳಿಗೆ ಕರೆ ಬಂದು ಆಗ ಹದಿನೈದು ದಿನವಾಗಿತ್ತು. ಕೊಚ್ಚಿಯ ಏಜೆನ್ಸಿಯವರು ಮುಂದಿನ ಕಾಗದಗಳನ್ನು ಕೇಳಿದ್ದರು. "ಎರಡು ವರ್ಷದಲ್ಲಿ ಏಳು ಜನ ಹೋದರು ಪಾ" ಎಂದರು ಡಾಕ್ಟರು. ಬೆಟ್ಟದಲ್ಲಿ ನಲವತ್ತು ವರ್ಷ ಇದ್ದರೂ ಅವರ ಬಡಗ ಮಾತಿನಲ್ಲಿ ತಮಿಳಿನ ರಾಗ ಹೋಗಿರಲಿಲ್ಲ. "ಪ್ರೇಮಾ ಹೋದರೆ ಹೆರಿಗೆ ವಾರ್ಡಿಗೆ ನಾನು ಬೀಗ ಹಾಕಬೇಕು. ಬಸುರಿಯನ್ನ ಇಲ್ಲಿಂದ ಜೀಪಿನಲ್ಲಿ ಹಾಕಿಕೊಂಡು ಮೇಟ್ಟುಪಾಳಯಂ ಇಳಿಯೋದರೊಳಗೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ." ಬೇಕಾಗಿರಲಿಲ್ಲ. ಅವನ ಅತ್ತಿಗೆ ಹೆರಿಗೆ ನೋವಿನಲ್ಲೇ ಘಾಟಿಯ ಹದಿನಾಲ್ಕನೆಯ ತಿರುವಿನಲ್ಲಿ ಸತ್ತಿದ್ದಳು, ಜೀಪು ತಿರುಗಿಸಲೂ ಜಾಗವಿರದ ಕಡೆ. ಡಾಕ್ಟರು ಯೋಜನೆ ವಿವರಿಸಿದರು, ಕಾಗದ ಮುಂದಿಟ್ಟರು. ಕೊನೆಗೆ ಕನ್ನಡಕ ತೆಗೆದು, "ನಾನು ಅವರನ್ನೇ ಕರೆದು ಹೇಳಬಹುದಾಗಿತ್ತು. ಎದುರಿಗೆ ಕೇಳಿದರೆ ನನ್ನ ಮುಖ ನೋಡಿ ಹೂಂ ಅಂತಾರೆ. ಅದಕ್ಕೇ ನಿಮ್ಮ ಹತ್ತಿರ ಹೇಳ್ತಾ ಇದೀನಿ. ಮನೆಗೆ ಹೋಗಿ ಕೇಳಿ. ಅವಸರವಿಲ್ಲ" ಎಂದರು.

ಆಗ ಅವನು ಆಡಿದ ಮಾತು. ನಾಲ್ಕು ವರ್ಷದಲ್ಲಿ ಅದನ್ನು ಅವನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದ್ದರೂ ಅದು ಇನ್ನೊಂದಾಗಿರಲಿಲ್ಲ. "ಅವಳನ್ನ ಕೇಳೋದೇನಿದೆ ಸಾರ್. ನಾನು ಹೇಳಿದರೆ ಆಯಿತು." ಎಂದು ಹೇಳಿ, ಸಾಕ್ಷಿ ಎಂದು ಬರೆದಿದ್ದ ಜಾಗದಲ್ಲಿ ಸಹಿ ಹಾಕಿದ್ದ. ಡಾಕ್ಟರು ಒಂದು ಕ್ಷಣ ಅವನನ್ನು ನೋಡಿ, ಕಾಗದ ಮಡಚಿ ಒಳಗಿಟ್ಟುಕೊಂಡರು. ಆ ಮಾತು ಎಲ್ಲಿಂದ ಬಂತು? ಮನೆಯಲ್ಲಿ ಅವನು ಹಾಗೆ ಮಾತಾಡುವವನೇ ಅಲ್ಲ. ಯಾವ ಅಂಗಿ ಹಾಕಿಕೊಳ್ಳಲಿ ಎಂದೂ ಅವಳನ್ನು ಕೇಳುವವನು. ಕಪ್ಪು-ಸಾಸರಿನ ಚಹಾ ಆಡಿಸಿದ ಮಾತೇ ಅದು? ಇಲ್ಲ, ಅದರ ಹಿಂದೆ ಬೇರೆಯದೇ ಒಂದಿತ್ತು. ಹದಿನೈದು ದಿನದಿಂದ ಹಟ್ಟಿಯಲ್ಲಿ ಅವನನ್ನು ಕಂಡವರೆಲ್ಲ ನಗುತ್ತ, ಹೆಂಡರು ಹೋದ ಮೇಲೆ ಅಡಿಗೆ ಕಲಿತುಕೊಳ್ಳಬೇಕಲ್ಲ ಅನ್ನುತ್ತಿದ್ದರು. ಅವಳು ಇಂಗ್ಲಿಷ್ ಪುಸ್ತಕ ಹಿಡಿದು, ನೋವು ಎಲ್ಲಿದೆ, ಎಷ್ಟು ಹೊತ್ತಿನಿಂದ ಇದೆ ಎಂಬುದನ್ನೆಲ್ಲ ಗೋಡೆಗೆ ಮುಖಮಾಡಿ ಬಾಯಿಪಾಠ ಮಾಡುತ್ತಿದ್ದಳು. ಆಗ ಅವಳ ದನಿ ಬೇರೆಯಾಗಿರುತ್ತಿತ್ತು, ಚುರುಕಾಗಿ, ಎಳೆಯದಾಗಿ. ಆ ದನಿಯವಳನ್ನು ಅವನು ಮದುವೆಯಾಗಿರಲಿಲ್ಲ. ಆ ದನಿ ಹೋದರೆ ಮರಳಿ ಬರುವುದಿಲ್ಲ ಎಂದು ಅವನಿಗೆ ಪಕ್ಕಾ ಆಗಿತ್ತು.

ಆವತ್ತು ರಾತ್ರಿ ಹೇಳಲಾಗಲಿಲ್ಲ. ಮಾರನೆಯ ಸಾಯಂಕಾಲ, ಮಗಳು ಶಾಂತಲಾ ಹೊರಗೆ ಆಡುತ್ತಿದ್ದಾಗ, ಅವಳು ಅಕ್ಕಿ ಆರಿಸುತ್ತಿದ್ದಾಗ ಹೇಳಿದ. ಡಾಕ್ಟರು ಕರೆಸಿದ್ದರು, ಹೀಗೆ ಕೇಳುತ್ತಿದ್ದಾರೆ. ಅವಳು ಮೊರದಿಂದ ತಲೆಯೆತ್ತಿ, "ನೀವು ಏನ ಹೇಳಿದಿರಿ?" ಎಂದಳು.

"ನಿನ್ನ ಕೇಳಿ ಹೇಳ್ತೀನಿ ಅಂದೆ."

ಅವಳು ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿದಳು. ಆಮೇಲೆ, "ಸರಿ. ಇರ್ತೀನಿ ಅಂತ ಹೇಳಿ" ಎಂದಳು. ಅಷ್ಟು ಸುಲಭಕ್ಕೆ ಹೇಳಿದ್ದು ಕೇಳಿ ಅವನಿಗೆ ಸಂತೋಷವಾಗುವುದರ ಬದಲು ಹೆದರಿಕೆಯಾಯಿತು. ಜಗಳಕ್ಕೆ ಅವನು ಹಿಂದಿನ ದಿನದಿಂದ ಮಾತು ಹೊಂದಿಸಿಕೊಂಡಿದ್ದ. ಆ ಮಾತುಗಳೆಲ್ಲ ಹಾಗೆಯೇ ಒಳಗೆ ಉಳಿದವು. ಮಾರನೆಯ ಬೆಳಿಗ್ಗೆ, ಡಾಕ್ಟರಿಗೆ ಹೇಳಿ ಬರುತ್ತೇನೆ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಯಿಂದ ಹೊರಟ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತು, ಒಂದು ಬೋಂಡ ತಿಂದು, ಬಾಯಿ ಒರೆಸಿಕೊಂಡು, ವಾರ್ಡಿನ ಬಾಗಿಲಿಗೆ ಹೋಗಿ ಅವಳಿಗೆ "ಹೇಳಿದೆ" ಎಂದ. ಅವಳು ತಲೆಯಾಡಿಸಿದಳು. ಆ ಬೋಂಡದ ಎಣ್ಣೆಯ ವಾಸನೆ ಎಷ್ಟೋ ದಿನ ಅವನ ಬೆರಳಿನಲ್ಲಿತ್ತು, ಇಲ್ಲವೇ ಇದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಮೇಟ್ರನ್ ಕಮಲಂ ಸ್ಟೋರಿಗೆ ಬಂದರು. ನರ್ಸುಗಳಿಗೆಲ್ಲ ಹಿರಿಯರು, ಮುಂದಿನ ವರ್ಷ ನಿವೃತ್ತಿಯಾಗುವವರು. ಅವರು ಸ್ಟೋರಿಗೆ ಬರುವುದು ಅಪರೂಪ. ರಾಜೇಂದ್ರನ್‌ ಎದ್ದು ನಿಂತ. ಅವರು ಅವನನ್ನು ದಾಟಿ ಜಗದೀಶನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು, "ನೋಡಿ, ಚೆನ್ನೈ ಅಮ್ಮ ಬಂದಿದ್ದಾರೆ. ಒಂದೇ ಪ್ರಶ್ನೆ ಮುಖ್ಯ. ಈ ದುಡ್ಡು ನಿಲ್ಲಿಸಿದರೆ ಹೋಗ್ತೀರಾ ಅಂತ ಕೇಳ್ತಾರೆ. ಹೋಗ್ತೀವಿ ಅನ್ನಬೇಕು. ಇಲ್ಲ, ಇಲ್ಲೇ ಇರ್ತೀವಿ ಅಂದರೆ, ಹಾಗಾದರೆ ದುಡ್ಡು ಯಾಕೆ ಅಂತ ನಿಲ್ಲಿಸಿಬಿಡ್ತಾರೆ. ನಿಮ್ಮ ಕೆಲಸವೂ ಅದರಲ್ಲೇ ಇದೆ, ಗೊತ್ತಲ್ಲ. ಪ್ರೇಮಾಗೆ ನೀವೇ ಹೇಳಿ. ನಾನು ಹೇಳಿದರೆ ನಗ್ತಾಳೆ."

ಅವನು ಹೂಂ ಅಂದ. ಅವರು ಹೋದ ಮೇಲೂ ಅಂಟು ಹಚ್ಚಿದ ಚೀಟಿ ಕೈಯಲ್ಲೇ ಇತ್ತು. ಇರುವುದಕ್ಕೆ ದುಡ್ಡು ಸಿಗಬೇಕಾದರೆ ಹೋಗುವೆನೆಂದು ಹೇಳುತ್ತಿರಬೇಕು. ಇದನ್ನು ಯಾರಿಗಾದರೂ ಹೇಳಿ ನಗಬೇಕು ಅನ್ನಿಸಿತು. ನಗುವಂಥ ವಿಷಯ ಕಂಡಾಗ ಅವನಿಗೆ ಮೊದಲು ನೆನಪಾಗುವುದು ಪ್ರೇಮಲತಾಳೇ. ಮದುವೆಯಾದ ಹೊಸದರಲ್ಲಿ ಅವರು ಎಲ್ಲದಕ್ಕೂ ನಗುತ್ತಿದ್ದರು, ಕೂನೂರಿನ ಬಸ್ಸಿನಲ್ಲಿ ಒಮ್ಮೆ ನಗು ತಡೆಯಲಾರದೆ ಎರಡು ಸ್ಟಾಪು ಮೊದಲೇ ಇಳಿದು ನಡೆದಿದ್ದರು. ಈಗ ಅವಳಿಗೆ ಇದನ್ನು ಹೇಳಬೇಕಾದರೆ ಹೋಗುವುದು, ಇರುವುದು ಎಂಬ ಎರಡು ಶಬ್ದಗಳನ್ನು ಬಾಯಿಂದ ಆಡಬೇಕು. ಅವೆರಡನ್ನೂ ಅವನು ಮನೆಯಲ್ಲಿ ಆಡುವುದು ಬಿಟ್ಟಿದ್ದ. ಅವಳ ಜೊತೆ ಆಯ್ಕೆಯಾಗಿ ಹೋದ ಚೇರಂಬಾಡಿಯ ಹುಡುಗಿ ಹೊಸ ವರ್ಷಕ್ಕೆ ಕಾರ್ಡು ಕಳಿಸುತ್ತಿದ್ದಳು, ಹಿಮದಲ್ಲಿ ದಪ್ಪ ಕೋಟು ತೊಟ್ಟು ನಿಂತ ಫೋಟೋ ಸಹಿತ. ಪ್ರೇಮಲತಾ ಅದನ್ನು ಓದಿ, ಮಗಳಿಗೆ ತೋರಿಸಿ, ಬೀರುವಿನೊಳಗೆ ಇಟ್ಟುಬಿಡುತ್ತಿದ್ದಳು. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಅವನು ಬೀರು ತೆಗೆದು ಆ ಫೋಟೋಗಳನ್ನು ನೋಡಿದ್ದ. ಮೂರರಲ್ಲೂ ಆ ಹುಡುಗಿ ಮೊದಲಿಗಿಂತ ದಪ್ಪವಾಗುತ್ತ ಹೋಗಿದ್ದಳು. ಅದರಿಂದ ಅವನಿಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು.

ಅವನ ಪರವಾಗಿ ಹೇಳುವುದಕ್ಕೆ ಏನೂ ಇರಲಿಲ್ಲವೆಂದಲ್ಲ. ನಾಲ್ಕು ವರ್ಷದಲ್ಲಿ ಹೆರಿಗೆ ವಾರ್ಡಿನಲ್ಲಿ ಎಷ್ಟು ಕೂಸುಗಳು ಹುಟ್ಟಿದವು. ಕಾಲು ಮುಂದಾಗಿ ಬಂದದ್ದು, ಕೊರಳಿಗೆ ಹೊಕ್ಕಳುಬಳ್ಳಿ ಸುತ್ತಿಕೊಂಡದ್ದು, ರಕ್ತ ನಿಲ್ಲದೆ ಹೋಗಲಿದ್ದ ತಾಯಂದಿರು. ಸಂತೆಯಲ್ಲಿ, ಬಸ್ಸಿನಲ್ಲಿ ಹೆಂಗಸರು ಅವಳ ಕೈ ಹಿಡಿದು ಮಾತಾಡಿಸುತ್ತಿದ್ದರು. ಆಗೆಲ್ಲ ಅವನು ಒಳಗೊಳಗೇ, ನೋಡು, ನಾನು ಹಾಗೆ ಹೇಳದಿದ್ದರೆ ಇವಳು ಇವತ್ತು ಈ ಬಸ್ಸಿನಲ್ಲಿ ಇರುತ್ತಿರಲಿಲ್ಲ ಎಂದು ಎದುರಿನ ಹೆಂಗಸಿಗೆ ಹೇಳಿಕೊಳ್ಳುತ್ತಿದ್ದ. ಆದರೆ ಅವನು ಸಹಿ ಹಾಕುವಾಗ ಆ ಹೆಂಗಸು ಅವನ ಮನಸ್ಸಿನಲ್ಲಿ ಇರಲಿಲ್ಲ. ಸತ್ತ ಅತ್ತಿಗೆಯೂ ಇರಲಿಲ್ಲ. ಒಳ್ಳೆಯದಾಯಿತು ಎನ್ನುವುದು ಆಮೇಲೆ ಬಂದು ಸೇರಿಕೊಂಡದ್ದು. ಅದನ್ನು ತನ್ನದೆಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳು.

ಎರಡೂವರೆಗೆ ಕರೆ ಬಂತು. ಡಾಕ್ಟರುಗಳ ಮೀಟಿಂಗ್ ರೂಮಿನಲ್ಲಿ ನಿವೇತಾ ಎಂಬ ಹುಡುಗಿ ಕೂತಿದ್ದಳು. ಚೆನ್ನೈ ಅಮ್ಮ ಎಂದು ಮೇಟ್ರನ್ ಹೇಳಿದ್ದರಿಂದ ಅವನು ವಯಸ್ಸಾದವರನ್ನು ನಿರೀಕ್ಷಿಸಿದ್ದ. ಇವಳಿಗೆ ಇಪ್ಪತ್ತೈದಿರಬಹುದು. ಬೆಟ್ಟದ ಚಳಿ ಅಭ್ಯಾಸವಿಲ್ಲದೆ ಎರಡು ಸ್ವೆಟರು ಹಾಕಿಕೊಂಡಿದ್ದಳು. ಘಾಟಿಯ ತಿರುವುಗಳಲ್ಲಿ ವಾಂತಿಯಾಗಿ ಮುಖ ಬಾಡಿತ್ತು. "ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೇಳಬಹುದಾ" ಎಂದು ತಮಿಳಿನಲ್ಲಿ ವಿನಯದಿಂದ ಕೇಳಿದಳು. ಪ್ರೇಮಲತಾ ಕೈ ಒರೆಸಿಕೊಳ್ಳುತ್ತ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಡೆಟ್ಟಾಲಿನ ವಾಸನೆ ಬಂತು. "ಒಳಗೆ ಒಂದು ಕೇಸಿದೆ. ಕರೆದರೆ ಎದ್ದು ಹೋಗ್ತೀನಿ" ಎಂದಳು. ಮೇಟ್ರನ್ ಹೇಳಿದ್ದನ್ನು ಅವನು ಇನ್ನೂ ಹೇಳಿರಲಿಲ್ಲ. ವಾರ್ಡಿನ ಬಾಗಿಲಿನವರೆಗೆ ಎರಡು ಸಲ ಹೋಗಿ ಬಂದಿದ್ದ.

ಮೊದಲ ಪ್ರಶ್ನೆಗಳು ಸುಲಭದವು. ಎಷ್ಟು ವರ್ಷದ ಸರ್ವೀಸು, ಎಷ್ಟು ಮಕ್ಕಳು, ಎಲ್ಲಿ ಓದುತ್ತಾರೆ. ನಿವೇತಾ ಬಗ್ಗಿ ಬಗ್ಗಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ, "ತೊಂಬತ್ತೊಂಬತ್ತರಲ್ಲಿ ಈ ಯೋಜನೆ ಇಲ್ಲದಿದ್ದರೆ ನೀವು ಹೋಗಿರ್ತಿದ್ರಾ ಸಿಸ್ಟರ್?" ಎಂದಳು.

"ಹೋಗಿರ್ತಿದ್ದೆ."

"ಈಗ ನಿಲ್ಲಿಸಿದರೆ ಹೋಗ್ತೀರಾ?"

ಹೋಗ್ತೀನಿ ಅನ್ನು, ಎಂದು ಜಗದೀಶ ಮನಸ್ಸಿನಲ್ಲೇ ಹೇಳಿದ. ಅವನ ಮಂಡಿ ಮೇಜಿನ ಕೆಳಗೆ ಅವಳ ಕಡೆಗೆ ಸರಿದು, ತಾಗುವ ಮೊದಲೇ ನಿಂತಿತು. ಹೋಗುವೆನೆಂದು ಅವಳ ಬಾಯಿಂದ ಬರಲಿ ಎಂದು ತಾನು ಹೀಗೆ ಬೇಡಿಕೊಳ್ಳುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

"ಎಲ್ಲಿಗೆ?" ಎಂದಳು ಪ್ರೇಮಲತಾ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಏಜೆನ್ಸಿಯವರು ನಲವತ್ತರೊಳಗಿನವರನ್ನೇ ತಗೊಳ್ಳೋದು. ಹೋದ ತಿಂಗಳು ನನಗೆ ನಲವತ್ತಾಯಿತು. ನನ್ನನ್ನ ಹಿಡಿದಿಡೋಕೆ ಇನ್ನು ದುಡ್ಡು ಬೇಕಾಗಿಲ್ಲ. ಹಾಗೇ ಬರ್ಕೊಳ್ಳಿ."

ನಿವೇತಾಳ ಪೆನ್ನು ನಿಂತಿತು. ಹೀಗೆ ಉತ್ತರಿಸಿದವರು ಅವಳಿಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಪ್ರೇಮಲತಾ ಅವಳಿಗೆ ಸಹಾಯ ಮಾಡುವವಳಂತೆ ಮುಂದುವರಿಸಿದಳು, "ನಮ್ಮಲ್ಲಿ ಚಿಕ್ಕ ಹುಡುಗಿಯರಿದ್ದಾರೆ. ಅರ್ಜಿ ಹಾಕಿದವರೂ ಇದ್ದಾರೆ, ಹೆಸರು ಹೇಳಲ್ಲ. ನನಗೆ ಕೊಡೋದನ್ನ ಅವರಿಗೆ ಕೊಡಿ. ಕೊಡೋಕೆ ಮುಂಚೆ ಅವರನ್ನೇ ಕರೆದು ಕೇಳಿ."

"ಅವರನ್ನೇ ಅಂದರೆ?"

"ಅವರನ್ನೇ. ಅಪ್ಪನನ್ನಲ್ಲ, ಗಂಡನನ್ನಲ್ಲ."

ಕಿಟಕಿಯಾಚೆ ಆಂಬುಲೆನ್ಸು ತೊಳೆಯುತ್ತಿದ್ದ ನೀರಿನ ಸದ್ದು ಕೇಳುತ್ತಿತ್ತು. ನಿವೇತಾ ಒಮ್ಮೆ ಜಗದೀಶನ ಮುಖ ನೋಡಿ, ತಕ್ಷಣ ಹಾಳೆಯ ಮೇಲೆ ಕಣ್ಣು ಇಳಿಸಿದಳು. "ನಿಮ್ಮನ್ನ ಕೇಳಿರಲಿಲ್ಲವಾ ಸಿಸ್ಟರ್?"

ಎಷ್ಟು ಗಂಟೆಗೆ ನೋವು ಶುರುವಾಯಿತು ಎಂದು ಕೇಳಿದರೆ ಯೋಚಿಸುವ ಹಾಗೆ ಅವಳು ಯೋಚಿಸಿದಳು. "ಕೇಳಿದರು. ಹದಿನೈದನೇ ತಾರೀಕು ಸಾಯಂಕಾಲ ಇವರು ಕೇಳಿದರು. ನಾನು ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ದೆ. ಆದರೆ ಇವರು ಬಂದು, 'ನಿನ್ನ ಕೇಳಿ ಹೇಳ್ತೀನಿ ಅಂದೆ' ಅಂದರಲ್ಲ, ನಮ್ಮ ಹಟ್ಟಿಗಳಲ್ಲಿ ಹಾಗೆ ಯಾವ ಗಂಡಸು ಅಂತಾನೆ. ಕೇಳಿದ್ದು ನನಗೆ ಇಷ್ಟವಾಯಿತು. ಅದಕ್ಕೇ ಇರ್ತೀನಿ ಅಂದೆ. ಮಾರನೇ ದಿನ ಸಹಿ ಮಾಡೋಕೆ ಅಂತ ಕಾಗದ ನನ್ನ ಹತ್ತಿರ ಬಂತು. ಸಾಕ್ಷಿ ಜಾಗದಲ್ಲಿ ಇವರ ಸಹಿ ಆಗಲೇ ಇತ್ತು, ಕೆಳಗೆ ಹದಿನಾಲ್ಕನೇ ತಾರೀಕು."

ಜಗದೀಶ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಬೆರಳುಗಳಿಗೆ ಅಂಟು ಒಣಗಿ ಬಿಳಿ ಸಿಪ್ಪೆಯ ಹಾಗೆ ಹತ್ತಿಕೊಂಡಿತ್ತು. ಹಾಗಾದರೆ ಅವನು ಇಸ್ತ್ರಿಯ ಅಂಗಿ ತೊಟ್ಟು ಹೊರಟು, ಕ್ಯಾಂಟೀನಿನಲ್ಲಿ ಕೂತು, ವಾರ್ಡಿನ ಬಾಗಿಲಿಗೆ ಬಂದು "ಹೇಳಿದೆ" ಎಂದಾಗ, ಆ ಕಾಗದ ಅವಳು ಆಗಲೇ ನೋಡಿದ್ದಳೋ, ಇಲ್ಲ ಒಂದು ಗಂಟೆ ಬಿಟ್ಟು ನೋಡಿದಳೋ. ಒಂದು ಗಂಟೆ ಹೆಚ್ಚು ಕಡಿಮೆಯಾದರೆ ಏನು. ನಾಲ್ಕು ವರ್ಷ ಅವನು ಬಾಗಿಲಿಗೆ ಕಿವಿಕೊಟ್ಟು ಒಳಗೆ ಯಾರೂ ಇಲ್ಲವೆಂದು ಹಿಂದೆ ಸರಿಯುತ್ತಿದ್ದಾಗಲೆಲ್ಲ ಅವಳು ಒಳಗೇ ಇದ್ದಳು, ದೀಪವನ್ನೂ ಆರಿಸದೆ.

"ಮತ್ತೆ ಯಾಕೆ ಸಹಿ ಮಾಡಿದಿರಿ?" ಎಂದಳು ನಿವೇತಾ. ಅದು ಹಾಳೆಯಲ್ಲಿದ್ದ ಪ್ರಶ್ನೆಯಲ್ಲ.

"ಕೇಸಿತ್ತು. ಹೋಗಬೇಕಾಗಿತ್ತು. ಅಟೆಂಡರು ಕಾಗದ ಹಿಡಿದು ನಿಂತಿದ್ದ."

"ಬೇಜಾರಿದೆಯಾ ಸಿಸ್ಟರ್, ಉಳಿದದ್ದಕ್ಕೆ?"

"ಇದು ನಿಮ್ಮ ಹಾಳೆಯಲ್ಲಿ ಇದೆಯಾ?"

"ಇಲ್ಲ. ನಾನೇ ಕೇಳಿದೆ."

"ಹಾಗಾದರೆ ಬಿಡಮ್ಮ." ಪ್ರೇಮಲತಾ ನಕ್ಕಳು. ಅಷ್ಟರಲ್ಲಿ ಆಯಾ ಬಾಗಿಲಿಗೆ ಬಂದು, ಸಿಸ್ಟರ್, ತಲೆ ಕಾಣ್ತಾ ಇದೆ ಎಂದಳು. ಪ್ರೇಮಲತಾ ಎದ್ದಳು. ನಿವೇತಾ ಅವಸರದಲ್ಲಿ, "ಒಂದೇ ಒಂದು ಸಿಸ್ಟರ್. ನಿಮ್ಮ ಮನೆಯವರಿಗೆ ಕೊಟ್ಟ ಕೆಲಸ? ಅದು ಮುಂದುವರಿಯಬೇಕಾ?" ಎಂದಳು.

"ಅದು ನನಗೆ ಕೊಟ್ಟದ್ದಲ್ಲ. ಅವರನ್ನೇ ಕೇಳಿ" ಎಂದು ಹೇಳಿ ಅವಳು ಹೊರಗೆ ಹೋದಳು. ಅವಳ ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಯವರೆಗೂ ಒಂದೇ ವೇಗದಲ್ಲಿ ಹೋಯಿತು. ಎಲ್ಲೂ ತಡೆಯಲಿಲ್ಲ.

ನಿವೇತಾ ಹಾಳೆ ಬದಲಿಸಿದಳು. ಹೊಸ ಹಾಳೆ ತಿಳಿ ಹಳದಿ, ತಲೆಯ ಮೇಲೆ ಗಂಡ ಎಂದು ದಪ್ಪಕ್ಷರದಲ್ಲಿತ್ತು. "ನಿಮ್ಮದು ಚಿಕ್ಕದು ಸಾರ್, ಐದೇ ನಿಮಿಷ" ಎಂದಳು. ಅವನಿಗೆ ಕಷ್ಟವಾಗಬಾರದೆಂದು ಅವಳು ಅವನ ಮುಖ ನೋಡದೆ ಓದುತ್ತಿದ್ದಳು, ಆ ದಯೆ ಅವನಿಗೆ ತಡೆಯಲಾಗಲಿಲ್ಲ. ಹೆಂಡತಿ ಉಳಿಯಬೇಕು ಎಂಬ ನಿರ್ಧಾರ ಯಾರದು? ಹೆಂಡತಿ, ಗಂಡ, ಇಬ್ಬರೂ. ಒಂದಕ್ಕೆ ಗುರುತು ಹಾಕಬೇಕು.

ಇಬ್ಬರೂ ಎಂದು ಬಾಯಿಗೆ ಬಂದಿತ್ತು. ನಾಲ್ಕು ವರ್ಷದಿಂದ ಯಾರು ಕೇಳಿದರೂ ಅವನು ಹೇಳಿಕೊಂಡು ಬಂದ ಉತ್ತರ ಅದೇ, ಅವ್ವೆಗೆ, ತಮ್ಮನಿಗೆ, ಒಮ್ಮೆ ಮಗಳಿಗೂ. "ನಾನು" ಎಂದ.

"ಗಂಡ?"

"ಗಂಡ. ಅವಳನ್ನ ಕೇಳೋ ಮುಂಚೆ ಡಾಕ್ಟರಿಗೆ ಹೇಳಿದ್ದೆ. ಅವಳನ್ನ ಕೇಳೋದೇನಿದೆ ಅಂತ ಹೇಳಿದ್ದೆ." ಹೇಳಿ ಮುಗಿಸಿದ ಮೇಲೆ ಎದೆ ಹಗುರಾಗುತ್ತದೆಂದು ಅವನು ಎಂದೋ ಅಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಯಾರಿಗೆ ಹೇಳಬೇಕೋ ಅವಳು ಎದ್ದು ಹೋಗಿದ್ದಳು. ಅವಳಿಗೆ ಅದು ಗೊತ್ತೂ ಇತ್ತು. ಈ ಎರಡು ಸ್ವೆಟರಿನ ಹುಡುಗಿಗೆ ಹೇಳಿದರೆ ಯಾರಿಗೆ ಹೇಳಿದಂತಾಯಿತು?

"ಅಷ್ಟೆಲ್ಲ ಬರೆಯೋಕೆ ಜಾಗವಿಲ್ಲ ಸಾರ್. ಗುರುತು ಅಷ್ಟೇ" ಎಂದಳು ಅವಳು ಮೆಲ್ಲಗೆ, ಮಧ್ಯದ ಚೌಕದಲ್ಲಿ ಗುರುತು ಹಾಕಿ. "ಯೋಜನೆ ನಿಂತು ನಿಮ್ಮ ಕೆಲಸ ಹೋದರೆ ಏನು ಮಾಡ್ತೀರಿ?"

ಮೂರು ಎಕರೆ. ತಮ್ಮ ಅದರಲ್ಲಿ ತನ್ನ ಸಂಸಾರ ಹೂಡಿಕೊಂಡಿದ್ದಾನೆ. ಷೆಡ್ಡಿನಲ್ಲಿ ನಿಂತು ಬೈಯುವ ಜಾಗವೂ ಈಗ ಬೇರೆಯವರದಾಗಿರುತ್ತದೆ. ಹೆಂಡರು ಹೋಗಲಿಲ್ಲ, ಕೆಲಸ ಹೋಯಿತಾ ಎಂದು ಯಾರಾದರೂ ಕೇಳದೆ ಇರುವುದಿಲ್ಲ. "ಗೊತ್ತಿಲ್ಲಮ್ಮ" ಎಂದ.

"ಗೊತ್ತಿಲ್ಲ ಅಂತ ಕಾಲಂ ಇಲ್ಲ. ಇತರೆ ಅಂತ ಹಾಕ್ತೀನಿ ಸಾರ್." ಹಾಳೆಯನ್ನು ಅವನತ್ತ ತಿರುಗಿಸಿದಳು. "ಇಲ್ಲಿ ಒಂದು ಸಹಿ." ಅವನು ಪೆನ್ನು ಹಿಡಿದು, ಇವತ್ತು ಯಾವ ತಾರೀಕು ಎಂದು ಅವಳನ್ನು ಕೇಳಿ, ಸಹಿ ಹಾಕಿದ. ಪೆನ್ನು ಹಿಂದಕ್ಕೆ ಕೊಡುವಾಗ, ತೀರ್ಮಾನ ಯಾವಾಗ ಆಗುತ್ತದೆ ಎಂದು ಕೇಳಿದ. ಈ ತಿಂಗಳ ಕೊನೆಗೆ ಎಂದಳು ಅವಳು. ಸಿಸ್ಟರ್ ಹೇಳಿದ್ದನ್ನು ಮೇಲಿನವರು ಒಪ್ಪುತ್ತಾರೆ ಅನ್ನಿಸುತ್ತದೆ, ಅವರು ಹೇಳಿದ್ದರಲ್ಲಿ ಲೆಕ್ಕವಿದೆ.

ಸ್ಟೋರಿಗೆ ಬಂದಾಗ ರಾಜೇಂದ್ರನ್‌ ಫೋನು ಕೆಳಗಿಡುತ್ತಿದ್ದ. ಹೆರಿಗೆ ವಾರ್ಡಿನವರು ಮಗುವಿನ ಗಂಟಲಿನ ನೀರು ಎಳೆಯುವ ಸಣ್ಣ ಕೊಳವೆ ಕೇಳುತ್ತಿದ್ದಾರೆ, ಬೇಗ ಬೇಕಂತೆ, ಆಯಾ ಒಳಗೇ ಇದ್ದಾಳೆ, ನೀವೇ ಕೊಟ್ಟು ಬನ್ನಿ ಸಾರ್ ಎಂದ. ಜಗದೀಶ ಪೊಟ್ಟಣ ತೆಗೆದುಕೊಂಡು ಓಡಿದ. ನಾಲ್ಕು ವರ್ಷದಲ್ಲಿ ಅವನು ಆ ಕಾರಿಡಾರಿನಲ್ಲಿ ಓಡಿದ್ದು ಅದೇ ಮೊದಲು. ವಾರ್ಡಿನ ಬಾಗಿಲು ತಟ್ಟಿದ. ಬಾಗಿಲು ಗೇಣಗಲ ತೆರೆಯಿತು, ಗ್ಲವ್ಸು ತೊಟ್ಟ ಕೈಯೊಂದು ಹೊರಗೆ ಬಂತು. ಮುಖ ಕಾಣದಿದ್ದರೂ ಕೈ ಅವಳದೆಂದು ಗೊತ್ತಾಯಿತು. ಪೊಟ್ಟಣ ಕೊಟ್ಟ. "ಪ್ರೇಮಾ" ಎಂದ.

"ಅಲ್ಲೇ ಇರಿ. ಇನ್ನೇನಾದರೂ ಬೇಕಾದರೆ ಹೇಳ್ತೀನಿ" ಎಂದಿತು ಒಳಗಿನಿಂದ ದನಿ. ಬಾಗಿಲು ಮುಚ್ಚಿತು.

ಅವನು ಅಲ್ಲೇ ನಿಂತ. ಒಳಗೆ ಯಾರೋ ಹೆಂಗಸು ತಡೆದು ತಡೆದು ಕೂಗುತ್ತಿದ್ದಳು. ಅದರ ಮೇಲೆ ಪ್ರೇಮಲತಾಳ ದನಿ ಕೇಳಿಸುತ್ತಿತ್ತು, ಇನ್ನೊಂದು ಸಲ ಅವ್ವೇ, ಇನ್ನೊಂದೇ ಸಲ, ನಾನಿದೀನಿ. ಮನೆಯಲ್ಲಿ ನಾಲ್ಕು ವರ್ಷದಿಂದ ಕೇಳಿರದ ದನಿ. ಚುರುಕಾಗಿತ್ತು, ಎಳೆಯದಾಗಿತ್ತು. ಬಾಗಿಲಿನ ಎದುರಿನ ಉದ್ದನೆಯ ಬೆಂಚಿನ ಮೇಲೆ ಮೂರ್ನಾಲ್ಕು ಗಂಡಸರು ಕೂತಿದ್ದರು, ಎಸ್ಟೇಟಿನವರು, ಹಟ್ಟಿಯವರು. ಒಬ್ಬನ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕಿತ್ತು. ಅವರ ನಡುವೆ ತಲೆಗೆ ಬಿಳಿ ಬಟ್ಟೆ ಕಟ್ಟಿದ, ಬಿಳಿ ಹೊದಿಕೆಯ ಮುದುಕಿಯೊಬ್ಬಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಳಗ ಇರೋದು ನಿನ್ನ ಹೆಂಡರಾ, ಅಪ್ಪಾ?" ಎಂದಳು.

"ಹೌದು ಅವ್ವೇ."

"ಒಳಗ ಹೋಗಿ ತುಂಬ ಹೊತ್ತಾತಾ?"

"ತುಂಬ ಹೊತ್ತಾಯಿತು."

"ಮೊದಲ ಕೂಸಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಮುದುಕಿ ತಾನೇ ಏನೋ ತಿಳಿದುಕೊಂಡು ತಲೆಯಾಡಿಸಿದಳು. ಹೆದರಬೇಡ, ಒಳಗಿರೋ ಸಿಸ್ಟರ್ ಗಟ್ಟಿಗಿತ್ತಿ, ನನ್ನ ಸೊಸೆಯದು ಎರಡೂ ಅವಳೇ ಮಾಡಿದ್ದು ಎಂದಳು. ಹೊದಿಕೆ ಸರಿಸಿಕೊಂಡು ಬೆಂಚಿನಲ್ಲಿ ಒತ್ತಿ ಕೂತು ಅವನಿಗೆ ಜಾಗ ಮಾಡಿಕೊಟ್ಟಳು. "ಕೂತುಕೋ. ನಿಂತರೆ ಬೇಗ ಆಗತ್ತಾ."

ಅವನು ಕೂತ. ಪಕ್ಕದವನು ಏನೂ ಕೇಳದೆ ಸ್ವಲ್ಪ ಸರಿದ. ಎಷ್ಟು ಹೊತ್ತು ಕೂತರೋ ಯಾರೂ ಗಡಿಯಾರ ನೋಡಲಿಲ್ಲ. ಒಳಗಿನ ಕೂಗು ಒಮ್ಮೆಲೇ ನಿಂತಿತು. ಬಾಗಿಲಿನ ಚಿಲಕದ ಸದ್ದಾಯಿತು, ಬೆಂಚಿನ ಮೇಲಿದ್ದ ಗಂಡಸರೆಲ್ಲ ಎದ್ದು ನಿಂತರು, ಅವರ ಜೊತೆ ಅವನೂ.